ಊಟ ಆಯ್ತಾ ಎಂದು ಕೇಳುವ ಮುನ್ನ: ಹೆಬ್ಬಾವು ಸಾಕಿದವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಫ್ಲಾಟುಗಳಲ್ಲಿ, ಮೈಸೂರು ಮಂಗಳೂರುಗಳ ಮನೆಗಳಲ್ಲಿ, ಕಡಲಾಚೆಯ ಊರುಗಳಲ್ಲಿ ಹೆಬ್ಬಾವು ಸಾಕಿಕೊಂಡಿರುವ ಕನ್ನಡದ ಗೆಳೆಯ ಗೆಳತಿಯರೇ,



ಕಳೆದ ತಿಂಗಳು ನಿಮ್ಮಲ್ಲೊಬ್ಬರ ತಾಯಿ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಮಗ ಕೆಲಸದ ಮೇಲೆ ಪರಊರಿಗೆ ಹೋಗಿದ್ದನಂತೆ. ಹತ್ತಿಯ ಚೀಲದಲ್ಲಿ ಬಾಲ್ ಪೈಥಾನ್ ಜಾತಿಯ ಒಂದು ಹೆಬ್ಬಾವನ್ನು ಇಟ್ಟುಕೊಂಡು, ಆ ಚೀಲವನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. “ಎಂಟು ದಿನ ಆಯ್ತು ಡಾಕ್ಟ್ರೇ, ಏನೂ ತಿಂದಿಲ್ಲ. ಅದರ ಎದುರಿಗೆ ನಾವು ಮೂರು ಹೊತ್ತೂ ಉಣ್ತೀವಿ. ಗಂಟಲಲ್ಲಿ ಅನ್ನ ಇಳಿಯಲ್ಲ” ಎಂದರು. ಹಾವನ್ನು ತಕ್ಕಡಿಯ ಮೇಲಿಟ್ಟೆ. ಒಂದೂವರೆ ಕೆಜಿ ತೂಗಬೇಕಾದ ಹಾವು ಎರಡೂವರೆ ಕೆಜಿ ತೂಗಿತು. ಸುರುಳಿ ಸುತ್ತಿದ ಕಡೆಯಲ್ಲೆಲ್ಲ ಚರ್ಮ ಮಡಿಕೆ ಬಿದ್ದಿತ್ತು, ಹುರುಪೆಗಳ ನಡುವೆ ಬಿಳಿಯ ಸಂದು ಕಾಣುತ್ತಿತ್ತು. ಆ ಹಾವು ಹಸಿದಿರಲಿಲ್ಲ. ಅದಕ್ಕೆ ಇನ್ನೂ ಎರಡು ತಿಂಗಳು ಹಸಿವಾಗುವ ಅಗತ್ಯವೂ ಇರಲಿಲ್ಲ.

ಆ ತಾಯಿಯನ್ನು ಗದರಲು ನನಗೆ ಮನಸ್ಸು ಬರಲಿಲ್ಲ. ನಾವು ಎದುರಾದವರಿಗೆ ಹೇಳುವ ಮೊದಲ ಮಾತೇ “ಊಟ ಆಯ್ತಾ?” ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿದರೆ ರಾತ್ರಿಯೆಲ್ಲ ಕೊರಗುವ ಜನ ನಾವು. ಬಡಿಸುವುದೇ ನಮ್ಮ ಪ್ರೀತಿಯ ಭಾಷೆ. ನಾಯಿಗೆ, ಹಸುವಿಗೆ, ಅಂಗಳದ ಕಾಗೆಗೆ ಆ ಭಾಷೆ ಅರ್ಥವಾಗುತ್ತದೆ. ಹೆಬ್ಬಾವಿನ ಮೈಗೆ ಆಗುವುದಿಲ್ಲ. ಈ ಪತ್ರದಲ್ಲಿ ನಾನು ನಿಮಗೆ ಹೇಳಬೇಕಾದ ಮಾತು ಇಷ್ಟೇ: ಹೆಬ್ಬಾವನ್ನು ಪ್ರೀತಿಸುವುದೆಂದರೆ ಕಾಯುವುದನ್ನು ಕಲಿಯುವುದು. ಅದಕ್ಕೆ ಹಸಿವಾಗಿದೆ ಎಂದು ನಮಗೆ ಅನ್ನಿಸಿದಾಗಲೆಲ್ಲ, ಆ ಹಸಿವು ಯಾರದ್ದು ಎಂದು ನಮ್ಮನ್ನೇ ಕೇಳಿಕೊಳ್ಳುವುದು.

ಈ ಪಾಠ ನನಗೆ ಮೇಜಿನ ಮೇಲೆ ಮಲಗಿದ್ದ ಒಂದು ಸತ್ತ ಹಾವಿನಿಂದ ಸಿಕ್ಕಿತು. ಬೆಂಗಳೂರಿಗೆ ಮರಳುವ ಮುನ್ನ ನಾನು ಅಮೆರಿಕದ ಫ್ಲಾರಿಡಾದಲ್ಲಿ ಕೆಲವು ವರ್ಷ ಸರೀಸೃಪಗಳಿಗೆ ಚಿಕಿತ್ಸೆ ಮಾಡುವ ಕಡೆ ಕೆಲಸ ಮಾಡಿದೆ. ಅಲ್ಲಿಗೆ ಒಂದು ಮುಂಜಾನೆ ಇಬ್ಬರು ಸೇರಿ ಒಂದು ಬರ್ಮೀಸ್ ಹೆಬ್ಬಾವನ್ನು ಹೊತ್ತು ತಂದರು. ಹೆಣ್ಣು, ನಾಲ್ಕು ವರ್ಷ, ನಾಲ್ಕು ಮೀಟರಿಗೂ ಹೆಚ್ಚು ಉದ್ದ. ರಾತ್ರಿ ಸತ್ತಿತ್ತು. ಸಾಕಿದವನು ಬಾಗಿಲ ಬಳಿಯೇ ನಿಂತು ಅಳುತ್ತಿದ್ದ. ಒಂದೇ ಒಂದು ವಾರವೂ ಅವಳನ್ನು ಉಪವಾಸ ಕೆಡವಿರಲಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಹೊಟ್ಟೆ ಬಿಡಿಸಿದೆವು. ಉದ್ದಕ್ಕೂ ಕೊಬ್ಬಿನ ಗಡ್ಡೆಗಳು ಒತ್ತಿಕೊಂಡಿದ್ದವು. ಕಡುಗೆಂಪಾಗಿರಬೇಕಾದ ಯಕೃತ್ತು ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಹೃದಯದ ಸುತ್ತ ಕೊಬ್ಬು ಮೆತ್ತಿಕೊಂಡಿತ್ತು. ಇಪ್ಪತ್ತು ಇಪ್ಪತ್ತೈದು ವರ್ಷ ಬಾಳಬೇಕಾದ ಜೀವವನ್ನು, ಅವನು ಹೇಳಿದ ಅದೇ ಮಾತು ಕೊಂದಿತ್ತು: ಒಂದು ವಾರವೂ ತಪ್ಪಿಸಿರಲಿಲ್ಲ.

ಹೆಬ್ಬಾವಿನ ಮೈ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದರೆ ಇದು ಅರ್ಥವಾಗುತ್ತದೆ.

ನಮ್ಮ ಹೊಟ್ಟೆ ದಿನವೂ ಒಲೆ ಉರಿಯುವ ಅಡುಗೆಮನೆ. ಹೆಬ್ಬಾವಿನದು ಮದುವೆಮನೆಯ ಅಡುಗೆ. ಮುಹೂರ್ತ ಗೊತ್ತಾದ ಮೇಲೆ ಚಪ್ಪರ ಹಾಕಬೇಕು, ಕೊಪ್ಪರಿಗೆ ತರಬೇಕು, ಅಡುಗೆಭಟ್ಟರು ಬರಬೇಕು. ಊಟ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಅಂಗಳವನ್ನು ಮೊದಲಿನಂತೆ ಬರಿದು ಮಾಡಬೇಕು. ಉಪವಾಸವಿರುವ ಬರ್ಮೀಸ್ ಹೆಬ್ಬಾವಿನ ಜಠರದಲ್ಲಿ ಆಮ್ಲವೇ ಇರುವುದಿಲ್ಲ ಎನ್ನಬಹುದು. ಬೇಟೆ ಒಳಗೆ ಹೋದ ಒಂದು ದಿನದೊಳಗೆ ಅದು ಮೂಳೆ ಕರಗಿಸುವಷ್ಟು ಹುಳಿಯಾಗುತ್ತದೆ. ಸುಕ್ಕಿ ಕುಗ್ಗಿದ್ದ ಕರುಳಿನ ತೂಕ ದುಪ್ಪಟ್ಟಾಗುತ್ತದೆ. ಸ್ಟೀಫನ್ ಸೀಕರ್ ಮತ್ತು ಜ್ಯಾರೆಡ್ ಡೈಮಂಡ್ ಎಂಬ ವಿಜ್ಞಾನಿಗಳು 1990ರ ದಶಕದಲ್ಲಿ ಈ ಹಾವುಗಳನ್ನು ಅಳೆದು ನೋಡಿದರು. ಭಾರಿ ಊಟದ ನಂತರ ಅವುಗಳ ಚಯಾಪಚಯ ಉಪವಾಸದ ಮಟ್ಟಕ್ಕಿಂತ 44 ಪಟ್ಟಿನವರೆಗೂ ಏರಿತ್ತು. ನಾಗಾಲೋಟದಲ್ಲಿ ಓಡುವ ಕುದುರೆಯ ಮೈಯಲ್ಲಿ ಆಗುವಂಥ ಏರಿಕೆ ಅದು. ಕುದುರೆ ಅದನ್ನು ನಿಮಿಷಗಳಲ್ಲಿ ಮುಗಿಸುತ್ತದೆ. ಹೆಬ್ಬಾವು ಅಲುಗಾಡದೆ ಮಲಗಿ ದಿನಗಟ್ಟಲೆ ನಡೆಸುತ್ತದೆ. 2005ರಲ್ಲಿ ಇನ್ನೊಂದು ತಂಡ ತೋರಿಸಿದ್ದು ನನಗೆ ಇಂದಿಗೂ ಬೆರಗು: ಉಂಡ 48 ಗಂಟೆಗಳಲ್ಲಿ ಈ ಹಾವಿನ ಹೃದಯದ ಹೃತ್ಕುಕ್ಷಿಯ ತೂಕ ಶೇ. 40ರಷ್ಟು ಹೆಚ್ಚುತ್ತದೆ. ಊಟವೆಲ್ಲ ಅರಗಿದ ಮೇಲೆ ಹೃದಯ, ಕರುಳು, ಯಕೃತ್ತು ಎಲ್ಲವೂ ಹಿಂದಿನ ಅಳತೆಗೆ ಇಳಿಯುತ್ತವೆ.

ಹೆಬ್ಬಾವಿಗೆ ಉಪವಾಸ ರೋಗವಲ್ಲ, ಕೊರತೆಯೂ ಅಲ್ಲ. ಅದು ಊಟದ ಇನ್ನೊಂದು ಅರ್ಧ. ಚಪ್ಪರ ಬಿಚ್ಚುವ ಮೊದಲೇ ಮತ್ತೊಂದು ಮದುವೆ, ಅದು ಮುಗಿಯುವ ಮೊದಲೇ ಇನ್ನೊಂದು ಎಂದು ವರ್ಷಗಟ್ಟಲೆ ನಡೆಸಿದರೆ ಯಾವ ಮನೆ ತಾಳೀತು? ಭಾಗವತದ ಹನ್ನೊಂದನೆಯ ಸ್ಕಂಧದ ಅವಧೂತ ತನ್ನ 24 ಗುರುಗಳ ಹೆಸರು ಹೇಳುವಾಗ ಹೆಬ್ಬಾವನ್ನೂ ಸೇರಿಸುತ್ತಾನೆ. ತಾನಾಗಿ ಬಂದದ್ದನ್ನು ಉಣ್ಣುವುದು, ಬಾರದಿದ್ದರೆ ಮಲಗಿ ಕಾಯುವುದು, ಅದಕ್ಕಾಗಿ ಗೋಳಾಡದಿರುವುದು: ಅವನು ಅದರಿಂದ ಕಲಿತ ಪಾಠ ಇದು. ಆ ಗುರುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟುಕೊಂಡಿರುವ ನಾವು ಅದಕ್ಕೆ ಕಾಯಲು ಬಿಡುತ್ತಿಲ್ಲ.

ಯಾಕೆ ಬಿಡುತ್ತಿಲ್ಲ? ಕರುಣೆಯೊಂದೇ ಕಾರಣವಲ್ಲ, ಅದೂ ನಿಮಗೆ ಗೊತ್ತು. ಬೇಗ ದೊಡ್ಡದಾಗಲಿ ಎಂಬ ಆಸೆ ಇದೆ. ‘ಪವರ್ ಫೀಡಿಂಗ್’ ಎಂಬ ಮಾತು ನಿಮ್ಮ ಬಾಯಲ್ಲಿ ಓಡಾಡುವುದನ್ನು ಕೇಳಿದ್ದೇನೆ. ಮೂರು ನಾಲ್ಕು ದಿನಕ್ಕೊಮ್ಮೆ ದೊಡ್ಡ ದೊಡ್ಡ ಇಲಿಗಳನ್ನು ತಿನ್ನಿಸಿ ಒಂದೇ ವರ್ಷದಲ್ಲಿ ಹಾವನ್ನು ಎಳೆದು ಉದ್ದ ಮಾಡುವುದು. ಇದು ಸಾಧ್ಯ, ಅದೇ ದುರಂತ. ಬರ್ಮೀಸ್ ಹೆಬ್ಬಾವಿನ ಮರಿ ಮೊಟ್ಟೆಯಿಂದ ಬಂದಾಗ ಸುಮಾರು ಅರ್ಧ ಮೀಟರ್ ಉದ್ದ, ನೂರು ನೂರಿಪ್ಪತ್ತು ಗ್ರಾಂ ತೂಕ. ಹದವಾಗಿ ಉಣ್ಣಿಸಿದರೆ ಮೊದಲ ವರ್ಷ ಒಂದೂವರೆ ಎರಡು ಮೀಟರ್ ಮುಟ್ಟುತ್ತದೆ. ತುರುಕಿದರೆ ಅದೇ ವಯಸ್ಸಿಗೆ ಮೂರು ಮೀಟರಿನ ಹತ್ತಿರ ಹೋಗುತ್ತದೆ. ಒಂದೇ ತಾಯಿಯ ಒಂದೇ ದಿನದ ಎರಡು ಮರಿಗಳ ನಡುವೆ ಇಷ್ಟು ಅಂತರ ತರುವುದು ಬೇರೇನೂ ಅಲ್ಲ, ನಮ್ಮ ಕೈ.

ಆದರೆ ಉದ್ದ ಬೆಳೆದದ್ದೆಲ್ಲ ಬೆಳವಣಿಗೆಯಲ್ಲ. ನಿಧಾನವಾಗಿ ಬೆಳೆದ ಹಾವಿನ ಮೈಯಲ್ಲಿ ಸ್ನಾಯು ತುಂಬಿರುತ್ತದೆ. ಅದನ್ನು ಎತ್ತಿಕೊಂಡರೆ ಅದೂ ನಿಮ್ಮನ್ನು ಹಿಡಿದುಕೊಳ್ಳುತ್ತದೆ. ತುರುಕಿ ಬೆಳೆಸಿದ್ದನ್ನು ಎತ್ತಿದರೆ ನೀರು ತುಂಬಿದ ಚೀಲದಂತೆ ಜೋತು ಬೀಳುತ್ತದೆ. ಅದರ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದು, ಉಂಡದ್ದನ್ನು ಕಕ್ಕುವುದು, ಯಕೃತ್ತು ಕೆಡುವುದು, ನಡುವಯಸ್ಸಿಗೆ ಮೊದಲೇ ಸಾಯುವುದು ನನಗೆ ಹೊಸದಲ್ಲ.

ದಾಖಲೆಗಳ ಮೋಹ ಇರುವವರಿಗೆ ಒಂದು ಮಾತು. ಅಮೆರಿಕದ ಕಾನ್ಸಾಸ್ ಸಿಟಿಯ ‘ಮೆಡುಸಾ’ ಎಂಬ ರೆಟಿಕ್ಯುಲೇಟೆಡ್ ಹೆಬ್ಬಾವಿನ 7.67 ಮೀಟರ್ ಉದ್ದ ನಿಮಗೆಲ್ಲ ಬಾಯಿಪಾಠ. 2011ರಲ್ಲಿ ಗಿನ್ನೆಸ್‌ನವರು ಅದನ್ನು ಅಳೆದರು. ನಾನು ನಿಮಗೆ ಬೇರೊಂದು ದಾಖಲೆ ಹೇಳುತ್ತೇನೆ. ಅದು ಸೇಂಟ್ ಲೂಯಿಸ್ ಮೃಗಾಲಯದ ಒಂದು ಹೆಣ್ಣು ಬಾಲ್ ಪೈಥಾನ್‌ನದು. 1961ರಲ್ಲಿ, ಮನೆಯಲ್ಲಿ ಹಾವು ಸಾಕಿದ್ದ ಒಬ್ಬರಿಂದಲೇ ಅದು ಅಲ್ಲಿಗೆ ಬಂತು. 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಗಂಡಿನ ಮುಖ ನೋಡದೆ ಏಳು ಮೊಟ್ಟೆ ಇಟ್ಟಿತು. ಜಾತಿ ಬೇರೆ, ಹೋಲಿಕೆ ಸರಿಸಮ ಅಲ್ಲ ಎಂದು ನನಗೂ ಗೊತ್ತು. ಆದರೂ ನಿಮ್ಮ ಹಾವಿನ ಬಗ್ಗೆ ನೀವು ಹೆಮ್ಮೆಪಡಬೇಕಾದರೆ ಮೀಟರುಗಳಿಗಿಂತ ವರ್ಷಗಳನ್ನು ಎಣಿಸಿ ಎಂದು ಬೇಡಿಕೊಳ್ಳುತ್ತೇನೆ.

ಇನ್ನೊಂದು ತುದಿಯಲ್ಲೂ ತಪ್ಪಿದೆ. “ಪೆಟ್ಟಿಗೆ ಚಿಕ್ಕದಿದ್ದರೆ ಹಾವು ಅಷ್ಟಕ್ಕೇ ನಿಲ್ಲುತ್ತದೆ” ಎಂದು ಮಾರುವವರು ಹೇಳುತ್ತಾರೆ. ಸುಳ್ಳು. ಪೆಟ್ಟಿಗೆ ಹಾವಿನ ಉದ್ದವನ್ನು ತೀರ್ಮಾನಿಸುವುದಿಲ್ಲ. ಅದು ತೀರ್ಮಾನಿಸುವುದು ಹಾವಿನ ನೋವನ್ನು ಮಾತ್ರ. ಚಿಕ್ಕದಾಗಿರಲಿ ಎಂದು ಬೇಕೆಂದೇ ಅರೆಹೊಟ್ಟೆಯಲ್ಲಿಡುವವರೂ ಇದ್ದಾರೆ. ಕಾಯುವುದು ಬೇರೆ, ಕಾಯಿಸಿ ಕೊಲ್ಲುವುದು ಬೇರೆ. 2009ರ ಜುಲೈನಲ್ಲಿ ಫ್ಲಾರಿಡಾದ ಸಮ್ಟರ್ ಕೌಂಟಿಯಲ್ಲಿ ಮನೆಯಲ್ಲಿ ಸಾಕಿದ್ದ ಬರ್ಮೀಸ್ ಹೆಬ್ಬಾವೊಂದು ರಾತ್ರಿ ಹೊರಬಂದು ಎರಡು ವರ್ಷದ ಮಗುವನ್ನು ಕೊಂದಿತು. ಎರಡೂವರೆ ಮೀಟರ್ ಉದ್ದದ ಆ ಹಾವು ತಿಂಗಳಿಂದ ಸರಿಯಾಗಿ ಉಂಡಿರಲಿಲ್ಲ, ಬಡಕಲಾಗಿತ್ತು, ಅದರ ತೊಟ್ಟಿಗೆ ಭದ್ರವಾದ ಮುಚ್ಚಳವೂ ಇರಲಿಲ್ಲ. ಸಾಕಿದವರಿಗೆ ಜೈಲಾಯಿತು, ಮಗು ಮರಳಿ ಬರಲಿಲ್ಲ. ಹಾವನ್ನು ದೂರಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಹದ ಯಾವುದು? ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಹಾವಿಗೂ ಸಲ್ಲುತ್ತದೆ, ಇಲ್ಲಿ ಊಟ ಬಲ್ಲವರಾಗಬೇಕಾದವರು ಮಾತ್ರ ನಾವು.

ಬೇಟೆಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗವನ್ನು ಮೀರಬಾರದು. ಮರಿಗಳಿಗೆ ಅವುಗಳ ತೂಕದ ಶೇ. 10ರಿಂದ 15ರಷ್ಟು ತೂಗುವ ಬೇಟೆ, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಸಾಕು. ವರ್ಷ ತುಂಬಿದ ಮೇಲೆ ಎರಡು ವಾರಕ್ಕೊಮ್ಮೆ. ಬೆಳೆದ ಬಾಲ್ ಪೈಥಾನಿಗೆ ಎರಡು ಮೂರು ವಾರಕ್ಕೊಂದು ಎಪ್ಪತ್ತರಿಂದ ನೂರು ಗ್ರಾಮಿನ ಬಿಳಿ ಇಲಿ ಸಾಕು, ಹಬ್ಬದೂಟ ಬೇಕಿಲ್ಲ. ನಲವತ್ತು ಕೆಜಿಯ ಬರ್ಮೀಸ್ ಹೆಣ್ಣಿಗೆ ತಿಂಗಳಿಗೊಮ್ಮೆ ಎರಡು ಮೂರು ಕೆಜಿಯ ಒಂದು ಮೊಲ ಸಾಕು. ಇವು ದಾರಿ ತೋರುವ ಅಂಕಿಗಳು. ತೀರ್ಪು ಕೊಡುವುದು ನಿಮ್ಮ ಕಣ್ಣು ಮತ್ತು ತಕ್ಕಡಿ. ಹಾವಿನ ಮೈಯನ್ನು ಅಡ್ಡಕೊಯ್ದಂತೆ ಊಹಿಸಿಕೊಳ್ಳಿ: ಅದು ಬ್ರೆಡ್ಡಿನ ತುಂಡಿನಂತೆ, ಕೆಳಗೆ ಚಪ್ಪಟೆ, ಮೇಲೆ ಮೆದುವಾಗಿ ಬಾಗಿರಬೇಕು. ಬೆನ್ನುಮೂಳೆ ಕತ್ತಿಯಂತೆ ಎದ್ದು ಕಂಡರೆ ಬಡಕಲು. ಬೆನ್ನ ನಡುವೆ ಗುಳಿ ಬಿದ್ದು ಎರಡು ಪಕ್ಕ ಉಬ್ಬಿದ್ದರೆ, ಬಾಲದ ಬುಡದಲ್ಲಿ ಮಡಿಕೆ ಕಂಡರೆ ಕೊಬ್ಬು. ತಿಂಗಳಿಗೊಮ್ಮೆ ತೂಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ದಿನಾಂಕ, ತೂಕ, ಏನು ಉಂಡಿತು, ಯಾವಾಗ ವಿಸರ್ಜಿಸಿತು, ಯಾವಾಗ ಪೊರೆ ಬಿಟ್ಟಿತು. ಆ ನೋಟ್‌ಬುಕ್ಕು ಕೈಯಲ್ಲಿದ್ದರೆ ಅರ್ಧ ಚಿಕಿತ್ಸೆ ನೀವೇ ಮಾಡಿದಂತೆ.

ಏನು ಉಣ್ಣಿಸಬೇಕು? ಇಡೀ ಪ್ರಾಣಿಯನ್ನು. ಕೋಳಿ ಅಂಗಡಿಯಿಂದ ತಂದ ಎದೆಯ ತುಂಡು ಮನುಷ್ಯನ ಊಟ. ಹಾವಿಗೆ ಮೂಳೆಯ ಸುಣ್ಣ ಬೇಕು, ಯಕೃತ್ತು ಬೇಕು, ಕರುಳು ಬೇಕು. ಬರೀ ಮಾಂಸದ ತುಂಡಿನ ಮೇಲೆ ಬೆಳೆಸಿದ ಮರಿಗಳ ಮೂಳೆ ಮೆತ್ತಗಾಗಿದ್ದನ್ನು ಕಂಡಿದ್ದೇನೆ. ಬೀದಿಯ ಹೆಗ್ಗಣವನ್ನು ಹಿಡಿದು ಹಾಕಬೇಡಿ. ಅದರ ಹೊಟ್ಟೆಯಲ್ಲಿ ಪಕ್ಕದ ಮನೆಯವರಿಟ್ಟ ಇಲಿಪಾಷಾಣ ಇರಬಹುದು, ಹುಳು ಇರಬಹುದು. ಜೀವಂತ ಇಲಿಯನ್ನು ಪೆಟ್ಟಿಗೆಯೊಳಗೆ ಬಿಟ್ಟು ಹೋಗಬೇಡಿ. ಹಸಿವಿಲ್ಲದ ಹಾವು ಸುಮ್ಮನೆ ಮಲಗಿದ್ದಾಗ ಇಲಿಯೇ ಹಾವಿನ ಬೆನ್ನನ್ನು ಮೂಳೆ ಕಾಣುವಂತೆ ಕಡಿದದ್ದಕ್ಕೆ ನಾನು ಹೊಲಿಗೆ ಹಾಕಿದ್ದೇನೆ. ಇಲಿಯ ಭಯವೂ ಒಂದು ಜೀವದ ಭಯವೇ. ನೋವಿಲ್ಲದಂತೆ ಕೊಂದು, ಹೆಪ್ಪುಗಟ್ಟಿಸಿ, ಆಮೇಲೆ ಪೂರ್ತಿ ಕರಗಿಸಿ, ಬಿಸಿನೀರಿನಲ್ಲಿ ಮೈಬಿಸಿ ತರಿಸಿ, ಉದ್ದದ ಚಿಮಟದಲ್ಲಿ ಹಿಡಿದು ಕೊಡುವುದು ಎರಡು ಪ್ರಾಣಿಗಳಿಗೂ ಒಳ್ಳೆಯದು. ಮೈಕ್ರೊವೇವಿನಲ್ಲಿ ಬಿಸಿ ಮಾಡಬೇಡಿ. ಹೊರಗೆ ಸುಟ್ಟು ಒಳಗೆ ಮಂಜುಗಡ್ಡೆ ಉಳಿಯುತ್ತದೆ.

ಊಟದಷ್ಟೇ ಮುಖ್ಯ ಬಿಸಿ. ಊಟ ಅರಗಿಸಲು ಹಾವು ತನ್ನ ಮೈಯಲ್ಲಿ ಒಲೆ ಹಚ್ಚಿಕೊಳ್ಳಲಾರದು, ಹೊರಗಿನ ಬಿಸಿಯಿಂದಲೇ ಅದು ಅರಗಿಸಿಕೊಳ್ಳಬೇಕು. ಪೆಟ್ಟಿಗೆಯ ಒಂದು ತುದಿ 31–32 ಡಿಗ್ರಿ, ಇನ್ನೊಂದು ತುದಿ 26 ಡಿಗ್ರಿಯ ಹತ್ತಿರ ಇದ್ದು, ಎಲ್ಲಿ ಮಲಗಬೇಕೆಂಬ ಆಯ್ಕೆ ಹಾವಿನದಾಗಿರಬೇಕು. ಡಿಸೆಂಬರಿನ ಬೆಂಗಳೂರಿನಲ್ಲಿ ರಾತ್ರಿ 15 ಡಿಗ್ರಿಗೆ ಇಳಿಯುತ್ತದೆ, ಅದರ ಮೇಲೆ ಕರೆಂಟೂ ಹೋಗುತ್ತದೆ. ಅಂಥ ರಾತ್ರಿಗೆ ಮುಂಚೆ ಉಣ್ಣಿಸಿದ ಇಲಿ ಜಠರದಲ್ಲಿ ಅರಗುವ ಬದಲು ಕೊಳೆಯುತ್ತದೆ. ಹಾವು ಅದನ್ನು ಕಕ್ಕುತ್ತದೆ, ಕಕ್ಕಿದ ಹಾವು ಸುಧಾರಿಸಿಕೊಳ್ಳಲು ವಾರಗಳು ಬೇಕು. ಥರ್ಮೋಸ್ಟಾಟ್ ಇಲ್ಲದ ಹೀಟರ್ ಇನ್ನೊಂದು ಅಪಾಯ, ಹೊಟ್ಟೆಯ ಚರ್ಮ ಬೆಂದುಹೋಗುತ್ತದೆ. ಬಿಸಿ ಸರಿ ಇಲ್ಲದ ದಿನ ಉಣ್ಣಿಸಬೇಡಿ. ಉಂಡ ಮೇಲೆ ಎರಡು ದಿನ ಎತ್ತಿಕೊಳ್ಳಬೇಡಿ.

ಹಾವು ಊಟ ಬಿಟ್ಟಾಗ ಏನು ಮಾಡಬೇಕು? ಬಹಳ ಸಲ, ಏನೂ ಮಾಡಬಾರದು. ಪೊರೆ ಬಿಡುವ ಮುನ್ನ ಕಣ್ಣು ಮಂಜಾದಾಗ ಅದು ಉಣ್ಣುವುದಿಲ್ಲ. ಗಂಡು ಹೆಣ್ಣು ಕೂಡುವ ಕಾಲದಲ್ಲಿ ಉಣ್ಣುವುದಿಲ್ಲ. ಮೊಟ್ಟೆಗಳನ್ನು ಸುತ್ತಿ ಕಾವು ಕೊಡುವ ಬರ್ಮೀಸ್ ತಾಯಿ ಎರಡು ತಿಂಗಳು ಏನನ್ನೂ ಮುಟ್ಟದೆ, ಮೈಯನ್ನು ನಡುಗಿಸಿ ನಡುಗಿಸಿ ಆ ಮೊಟ್ಟೆಗಳನ್ನು ಬೆಚ್ಚಗಿಡುತ್ತಾಳೆ. ಬಾಲ್ ಪೈಥಾನ್‌ಗಳಂತೂ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬಾಯಿ ಕಟ್ಟುತ್ತವೆ. ತೂಕ ಇಳಿಯುತ್ತಿಲ್ಲ, ಬಾಯಲ್ಲಿ ಲೋಳೆ ಇಲ್ಲ, ಉಸಿರಿನಲ್ಲಿ ಸದ್ದಿಲ್ಲ ಎಂದರೆ ಬಿಸಿಯನ್ನು ಸರಿಮಾಡಿ, ಮರೆಯ ಜಾಗ ಕೊಟ್ಟು ಸುಮ್ಮನಿರಿ. ತೂಕ ಇಳಿಯುತ್ತಾ ಹೋದರೆ, ಉಸಿರಾಡಲು ಬಾಯಿ ತೆರೆದರೆ ಮಾತ್ರ ತಡಮಾಡಬೇಡಿ, ವೈದ್ಯರ ಬಳಿ ತನ್ನಿ. ಬಾಯಿ ತೆರೆಸಿ ತುರುಕುವ ಕೆಲಸವನ್ನು ಮನೆಯಲ್ಲಿ ಯಾವತ್ತೂ ಮಾಡಬೇಡಿ.

ಊಟ ಬಿಟ್ಟ ಹೆಬ್ಬಾವು ಒಡತಿಯ ಪಕ್ಕದಲ್ಲಿ ನೀಟಾಗಿ ಚಾಚಿ ಮಲಗಿ ಅವಳ ಅಳತೆ ತೆಗೆದುಕೊಳ್ಳುತ್ತಿತ್ತು, ಅವಳನ್ನು ನುಂಗಲೆಂದೇ ಹೊಟ್ಟೆ ಖಾಲಿ ಇಟ್ಟುಕೊಂಡಿತ್ತು ಎಂಬ ಕತೆ ನಿಮ್ಮ ಫೋನಿಗೂ ಬಂದಿರುತ್ತದೆ. ಅದನ್ನು ನಂಬಬೇಡಿ, ಮುಂದಕ್ಕೆ ಕಳಿಸಲೂ ಬೇಡಿ. ಹೊಂಚಿ ಕೂತು, ಹತ್ತಿರ ಸುಳಿದದ್ದನ್ನು ಕ್ಷಣಾರ್ಧದಲ್ಲಿ ಹಿಡಿಯುವ ಪ್ರಾಣಿಗೆ ಅಳತೆಯ ಯೋಚನೆ ಇಲ್ಲ. ನಿಜವಾದ ಅಪಾಯ ಬೇರೆಯೇ ಇದೆ, ಅದನ್ನು ಮಾತ್ರ ಯಾರೂ ಕಳಿಸುವುದಿಲ್ಲ. ದೊಡ್ಡ ಹೆಬ್ಬಾವಿನಿಂದ ಸಾಕಿದವರಿಗೆ ಕೇಡಾಗುವುದು ಬಹುಮಟ್ಟಿಗೆ ಊಟದ ಹೊತ್ತಿನಲ್ಲಿ. ಇಲಿಯ ವಾಸನೆ ಮೂಗಿಗೆ ತಟ್ಟಿದ ಮೇಲೆ ಬಿಸಿಯಾಗಿ ಅಲುಗಾಡುವುದೆಲ್ಲ ಅದಕ್ಕೆ ಇಲಿಯೇ. ನಿಮ್ಮ ಕೈಯೂ ಇಲಿ, ನಿಮ್ಮ ಮಗುವಿನ ಮುಖವೂ ಇಲಿ. ಅದರಲ್ಲಿ ದ್ವೇಷವಿಲ್ಲ, ಕೃತಘ್ನತೆಯೂ ಇಲ್ಲ. ಕೈಯಿಂದ ನೇರವಾಗಿ ಉಣ್ಣಿಸಬೇಡಿ. ಎರಡೂವರೆ ಮೀಟರ್ ದಾಟಿದ ಹಾವಿನ ಬಾಗಿಲನ್ನು ಒಬ್ಬರೇ ಇರುವಾಗ ತೆರೆಯಬೇಡಿ, ಅದು ಎಷ್ಟೇ ಸಾಧು ಎನಿಸಿದರೂ ಸರಿ. ಬೀಗ ಹಾಕಿ. ಮಕ್ಕಳಿರುವ ಮನೆಯಲ್ಲಿ ಎರಡು ಬೀಗ ಹಾಕಿ.

ಈಗ ಇನ್ನೂ ತಂದಿಲ್ಲದ, ತರಬೇಕೆಂದಿರುವ ತಮ್ಮಂದಿರಿಗೆ, ತಂಗಿಯರಿಗೆ ನಾಲ್ಕು ಮಾತು. ಹೆಬ್ಬಾವು ಎಂಬ ಹೆಸರಿನಲ್ಲೇ ಎಚ್ಚರಿಕೆ ಇದೆ. ಹೆಬ್ಬಾಗಿಲು, ಹೆಬ್ಬಂಡೆ, ಹೆದ್ದಾರಿಗಳ ಹಾಗೆ ಇದು ‘ಹಿರಿದಾದ’ ಹಾವು. ಅಂಗೈಯಲ್ಲಿ ಸುರುಳಿ ಸುತ್ತಿದ ಮರಿಯನ್ನು ತೋರಿಸಿ ಮಾರುವವರು ಐದು ಮೀಟರಿನ ತಾಯಿಯನ್ನು ತೋರಿಸುವುದಿಲ್ಲ. ಲೆಕ್ಕ ಹಾಕಿ: ವರ್ಷಕ್ಕೆ ಮೂವತ್ತು ಕೆಜಿಯಷ್ಟು ಮೊಲ, ಒಂದು ಇಡೀ ಕೋಣೆ, ಹಗಲಿರುಳು ಬಿಸಿ, ಎತ್ತಲು ಇಬ್ಬರು ಮೂವರು, ಹೀಗೆ ಇಪ್ಪತ್ತೈದು ವರ್ಷ. ನೀವು ಇಪ್ಪತ್ತರಲ್ಲಿ ತಂದರೆ ನಿಮ್ಮ ಮದುವೆ, ಮಕ್ಕಳು, ಊರೂರು ಬದಲಾವಣೆ, ತಂದೆ ತಾಯಿಯರ ಮುಪ್ಪು ಎಲ್ಲದರ ನಡುವೆಯೂ ಅದು ಇರುತ್ತದೆ.

ಆ ಲೆಕ್ಕ ಹಾಕದವರು ಏನು ಮಾಡಿದರು ಎಂಬುದಕ್ಕೆ ಫ್ಲಾರಿಡಾ ಸಾಕ್ಷಿ. ದೊಡ್ಡದಾದ ಹಾವುಗಳನ್ನು ಎವರ್‌ಗ್ಲೇಡ್ಸ್‌ನ ಜೌಗಿಗೆ ಬಿಟ್ಟರು, ಕೆಲವು ತಪ್ಪಿಸಿಕೊಂಡವು. 2000ದ ಹೊತ್ತಿಗೆ ಅಲ್ಲಿ ಬರ್ಮೀಸ್ ಹೆಬ್ಬಾವುಗಳು ತಾವೇ ಮರಿಮಾಡಿ ನೆಲೆಯೂರಿದ್ದವು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ರಕೂನ್‌ಗಳು ಕಣ್ಣಿಗೆ ಬೀಳುವುದು ಶೇ. 99ರಷ್ಟು, ಅಲ್ಲಿನ ಕಾಡುಬೆಕ್ಕು ಶೇ. 87ರಷ್ಟು ಇಳಿದಿತ್ತು. 2022ರಲ್ಲಿ ಸುದ್ದಿಯಾದ ಫ್ಲಾರಿಡಾದ ಒಂದು ಹೆಣ್ಣು 97 ಕೆಜಿಗೂ ಹೆಚ್ಚು ತೂಗಿತು, ಹೊಟ್ಟೆಯಲ್ಲಿ 122 ಮೊಟ್ಟೆಗಳಿದ್ದವು. ಆ ಹಾವುಗಳ ತಪ್ಪೇನು? ಯಾರೋ ಒಂದು ಕಾಲಕ್ಕೆ ಅವುಗಳ ಅಜ್ಜಿಯರನ್ನು ಅಂಗೈಯಲ್ಲಿಟ್ಟು ಮುದ್ದಿಸಿದ್ದರು. ಇಂದು ಅಲ್ಲಿನವರು ಅವುಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಾರೆ, ಬೇರೆ ದಾರಿಯೂ ಅವರಿಗಿಲ್ಲ. 2018ರಲ್ಲಿ ಬಂದ ಒಂದು ಸಂಶೋಧನೆ ನನ್ನನ್ನು ಬಹಳ ಕಾಡಿತು. ಅಲ್ಲಿನ ನಾನೂರರಷ್ಟು ಹಾವುಗಳ ವಂಶವಾಹಿ ನೋಡಿದಾಗ ಹದಿಮೂರರಲ್ಲಿ ನಮ್ಮ ಭಾರತದ ಹೆಬ್ಬಾವಿನ ಗುರುತು ಸಿಕ್ಕಿತ್ತು. ಎರಡು ಜಾತಿಗಳು ಬೆರೆಯುತ್ತವೆ ಎಂದಾಯಿತು. ನಾಳೆ ಯಾರಾದರೂ ಒಂದು ಬರ್ಮೀಸ್ ಹಾವನ್ನು ಕಾವೇರಿಯ ದಡದಲ್ಲೋ ಬನ್ನೇರುಘಟ್ಟದ ಅಂಚಿನಲ್ಲೋ ಬಿಟ್ಟರೆ ಕೆಡುವುದು ನಮ್ಮದೇ ನೆಲದ ಹೆಬ್ಬಾವಿನ ಕುಲ.

ಆ ನಮ್ಮ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ತೋಟದಲ್ಲಿ ಸಿಕ್ಕಿತೆಂದು ಅದನ್ನು ಮನೆಗೆ ತರುವುದು ಅಪರಾಧ, ಅದರ ಬದುಕಿಗೂ ಕೇಡು. ಹೊರದೇಶದ ಹೆಬ್ಬಾವುಗಳ ವಿಷಯದಲ್ಲಿ 2024ರಲ್ಲಿ ಬಂದ ನಿಯಮಗಳ ಪ್ರಕಾರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಕಡ್ಡಾಯ. ಮರಿಯಾದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. ಇದನ್ನು ಕಿರುಕುಳವೆಂದು ತಿಳಿಯಬೇಡಿ. ನಿಮ್ಮ ಮರಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಅದು. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದವರೊಬ್ಬರ ಟ್ರಾಲಿ ಬ್ಯಾಗಿನಲ್ಲಿ ಹೆಬ್ಬಾವು, ಗೋಸುಂಬೆ, ಆಮೆಗಳು ಸೇರಿ 234 ಪ್ರಾಣಿಗಳು ಸಿಕ್ಕವು. ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಕಾಂಗರೂ ಮರಿ ಉಸಿರುಕಟ್ಟಿ ಸತ್ತಿತ್ತು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ ಹತ್ತು ಹಳದಿ ಅನಕೊಂಡಗಳು ಸಿಕ್ಕವು. ಕಾಗದವಿಲ್ಲದ ಮರಿಯನ್ನು ಕೊಂಡವರು ಆ ಬ್ಯಾಗಿಗೆ ಹಣ ಕೊಟ್ಟಂತೆ. ಸಾಕಲಾರದಾದರೆ ಕಾಡಿಗೆ ಬಿಡಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಅದರಲ್ಲಿ ಅವಮಾನವಿಲ್ಲ.

ಗೆಳೆಯರೇ, ಪತ್ರ ಉದ್ದವಾಯಿತು. ಕೊನೆಗೆ ನಿಮ್ಮಿಂದ ಒಂದೇ ಒಂದು ಕೆಲಸ ಕೇಳುತ್ತೇನೆ. ಈ ಭಾನುವಾರ ನಿಮ್ಮ ಹಾವನ್ನು ತೂಗಿ. ಕೊನೆಯ ಊಟ ಯಾವಾಗ ಎಂದು ನೆನಪಿಸಿಕೊಂಡು ಬರೆಯಿರಿ. ಮೈ ಮುಟ್ಟಿ ನೋಡಿ. ಕೊಬ್ಬಿದ್ದರೆ ಮುಂದಿನ ಊಟವನ್ನು ಎರಡು ವಾರ ಮುಂದೂಡಿ. ಅದು ಗಾಜಿನ ಹತ್ತಿರ ಬಂದು ನಾಲಿಗೆ ಆಡಿಸುತ್ತದೆ, ನಿಮ್ಮತ್ತಲೇ ನೋಡುತ್ತಿದೆ ಎನಿಸುತ್ತದೆ. ಆ ಎರಡು ವಾರ ನಿಮಗೆ ಕಷ್ಟವಾಗುತ್ತದೆ, ಹಾವಿಗೆ ಆಗುವುದಿಲ್ಲ.

ಫ್ಲಾರಿಡಾದ ಆ ಮನುಷ್ಯನ ಮನೆಯಲ್ಲಿ ಇನ್ನೊಂದು ಹಾವಿತ್ತು, ಸತ್ತವಳ ತಂಗಿ. ಅಂದು ಮೇಜಿನ ಬಳಿ ನಿಂತು ಆ ಬೆಣ್ಣೆಬಣ್ಣದ ಯಕೃತ್ತನ್ನು ಅವನು ಕಣ್ಣಾರೆ ನೋಡಿದ. ಮನೆಗೆ ಹೋಗಿ ಊಟದ ಕ್ರಮವನ್ನೇ ಬದಲಿಸಿದ. ನಾನು ಬೆಂಗಳೂರಿಗೆ ಬಂದ ಮೇಲೂ ಅವನು ಪ್ರತಿ ತಿಂಗಳ ತೂಕವನ್ನು ನನಗೆ ಬರೆದು ಕಳಿಸುತ್ತಾನೆ. ಕೆಲವು ತಿಂಗಳು ಊಟದ ಕಾಲಂ ಖಾಲಿ ಇರುತ್ತದೆ. ಆ ಖಾಲಿ ಜಾಗವನ್ನು ಕಂಡಾಗ ನನಗೆ ಸಮಾಧಾನವಾಗುತ್ತದೆ.

ಕ್ಲಿನಿಕ್ಕಿಗೆ ಬಂದಿದ್ದ ಆ ತಾಯಿಗೂ ನಾನು ಅಂದು ಒಂದು ನೋಟ್‌ಬುಕ್ಕನ್ನು ಕೊಟ್ಟು ಕಳಿಸಿದೆ. ಮೊದಲ ಸಾಲನ್ನು ಅವರ ಕೈಯಲ್ಲೇ ಬರೆಸಿದೆ: ದಿನಾಂಕ, ತೂಕ, ಊಟ ಇಲ್ಲ.

ನಿಮ್ಮ ಹಾವುಗಳು ನೂರ್ಕಾಲ ಬಾಳಲೆಂದು ಹಾರೈಸುವ,
ಒಬ್ಬ ಪಶುವೈದ್ಯ
ಬೆಂಗಳೂರು